ಹಳೆ ಎಂಜಿನ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್: ಯಾವ ಸ್ಟಡ್, ಯಾವ ನಟ್ಟು, ಬಿಚ್ಚೋದು ಹೇಗೆ?

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಟಿಕ್ ಟಿಕ್ ಅಂತ ಸದ್ದು. ಹತ್ತು ನಿಮಿಷ ಓಡಿಸಿದರೆ ಕಡಿಮೆಯಾಗುತ್ತದೆ, ಕೆಲವು ಸಲ ಪೂರ್ತಿ ನಿಂತುಹೋಗುತ್ತದೆ. ತುಂಬಾ ಜನ ಇದನ್ನು ಟ್ಯಾಪೆಟ್ (ಎಂಜಿನ್‌ನ ವಾಲ್ವ್ ತೆರೆಯುವ ಭಾಗ) ಸದ್ದು ಅಂದುಕೊಂಡು ಟ್ಯಾಪೆಟ್ ಅಡ್ಜಸ್ಟ್ ಮಾಡಿಸುತ್ತಾರೆ. ಅದಕ್ಕೂ ಮೊದಲು ಬಾನೆಟ್ ಎತ್ತಿ, ಎಕ್ಸಾಸ್ಟ್ ಮ್ಯಾನಿಫೋಲ್ಡು (ಎಂಜಿನ್‌ನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸಾಗಿಸುವ ಕಬ್ಬಿಣದ ಕೊಳವೆ) ಎಂಜಿನ್‌ನ ಮೇಲ್ಭಾಗವಾದ ಹೆಡ್ಡಿಗೆ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಎರಡರ ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಅಂಚಿನಲ್ಲಿ ಕಾಡಿಗೆ ತೀಡಿದ ಹಾಗೆ ಕಪ್ಪು ಮಸಿ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ ಅಂತಲೇ ಅರ್ಥ. ಬಿಸಿಯಾದ ಮೇಲೆ ಕಬ್ಬಿಣ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುತ್ತದೆ. ಸದ್ದು ನಿಂತಿತು ಅಂತ ಸುಮ್ಮನಿರಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಕಾರಿನ ಒಳಗೆ ಬಂದರೆ ವಾಸನೆಯಿಂದ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಹಳೆ ಅಂಬಾಸಿಡರ್‌ಗೂ ಇದೇ ಆಗಿತ್ತು. 1489 ಸಿಸಿ ಪೆಟ್ರೋಲ್, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸಿರೀಸ್ ಎಂಜಿನ್. ಮಲೆನಾಡಿನ ಮಳೆಯಲ್ಲೇ ವರ್ಷಗಟ್ಟಲೆ ನಿಂತ ಗಾಡಿ. ನಾನೇ ಬಿಚ್ಚಲು ಕೂತಾಗ ಒಂದು ವಿಷಯ ಕಂಡಿತು. ಆ ಎಂಜಿನ್‌ಗೆ ಇರಬೇಕಾದ ಉದ್ದನೆಯ ಹಿತ್ತಾಳೆ ನಟ್ಟುಗಳಲ್ಲಿ ಮೂರು ಇರಲಿಲ್ಲ. ಹಿಂದೆ ಯಾರೋ ಅವುಗಳ ಜಾಗದಲ್ಲಿ ಸಾದಾ ಎಂ8 ಕಬ್ಬಿಣದ ನಟ್ಟು ಹಾಕಿದ್ದರು. ಅಲ್ಲಿರುವ ಸ್ಟಡ್ (ಒಂದು ತುದಿ ಹೆಡ್ಡಿನೊಳಗೆ ಕೂತು, ಇನ್ನೊಂದು ತುದಿಗೆ ನಟ್ಟು ಹಾಕುವ ತಲೆಯಿಲ್ಲದ ಬೋಲ್ಟು) ಎಂ8, ಅಂದರೆ 8 ಮಿ.ಮೀ. ಅಲ್ಲ, 5/16 ಇಂಚು. ಅಂದರೆ 7.94 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ ಸ್ಟಡ್‌ನ ಹೊರತುದಿಯಲ್ಲಿ ಇಂಚಿಗೆ 24 ಥ್ರೆಡ್, ಅಂದರೆ ಒಂದರಿಂದ ಒಂದಕ್ಕೆ ಸುಮಾರು 1.06 ಮಿ.ಮೀ. ಎಂ8 ನಟ್ಟಿಗೆ ಅದು 1.25 ಮಿ.ಮೀ. ನಟ್ಟು ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ನಟ್ಟು ತಿರುಗಿಸುವ ಏರ್ ಗನ್ ಹಿಡಿದು ಒತ್ತಾಯದಿಂದ ಒಳಗೆ ತಳ್ಳಿದ್ದರು. ಬಿಚ್ಚುವಾಗ ಮೂರೂ ಸ್ಟಡ್ ಮುರಿದವು. ಒಂದು ಹೆಡ್ಡಿನ ಮಟ್ಟಕ್ಕೇ ಮುರಿಯಿತು. ಅದೊಂದನ್ನು ತೆಗೆಯಲು ಎರಡು ದಿನ ಹಿಡಿಯಿತು.

ಆ ಎರಡು ದಿನದಲ್ಲಿ ನನಗೆ ಮನಸ್ಸಿಗೆ ಬಂದದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ. ಮ್ಯಾನಿಫೋಲ್ಡಿಗೆ ಬೋಲ್ಟು ಆರಿಸುವಾಗ "ಯಾವುದು ಗಟ್ಟಿ" ಅಂತ ಕೇಳಬೇಡಿ. "ಮುಂದಿನ ಸಲ ಬಿಚ್ಚುವಾಗ ಯಾವುದು ಹಾಳಾದರೆ ಪರವಾಗಿಲ್ಲ" ಅಂತ ಕೇಳಿ. ನಟ್ಟು ಹೋದರೆ ಬಿಡಿ, ಇನ್ನೊಂದು ತರಬಹುದು. ಸ್ಟಡ್ ಹೋದರೆ ಅರ್ಧ ದಿನದ ಕೆಲಸ. ಹೆಡ್ಡಿನ ಥ್ರೆಡ್ ಹೋದರೆ ಹೆಡ್ಡನ್ನೇ ಇಳಿಸಬೇಕಾಗಬಹುದು.

ಬೋಲ್ಟು ಬೇಕಾ, ಸ್ಟಡ್ ಬೇಕಾ?

ಕೆಲವು ಎಂಜಿನ್‌ಗಳಲ್ಲಿ ಕಂಪನಿಯಿಂದಲೇ ಬೋಲ್ಟು ಬಂದಿರುತ್ತದೆ. ಇನ್ನು ಕೆಲವಕ್ಕೆ ಸ್ಟಡ್ ಹಾಗೂ ನಟ್ಟು. ಬದಲಿಸಲು ಅವಕಾಶ ಇದ್ದರೆ ನಾನು ಯಾವಾಗಲೂ ಸ್ಟಡ್ ಕಡೆಗೇ. ಬೋಲ್ಟಾದರೆ ಪ್ರತಿ ಸಲ ಬಿಚ್ಚಿ ಹಾಕುವಾಗಲೂ ಹೆಡ್ಡಿನ ಥ್ರೆಡ್ಡೇ ಸವೆಯುತ್ತದೆ. ಅಲ್ಯೂಮಿನಿಯಂ ಹೆಡ್ಡಾದರೆ ನಾಲ್ಕೈದು ಸಲ ಬಿಚ್ಚಿ ಹಾಕುವಷ್ಟರಲ್ಲಿ ಥ್ರೆಡ್ ಪುಡಿಪುಡಿಯಾಗಿ ಬೋಲ್ಟಿಗೆ ಅಂಟಿಕೊಂಡು ಹೊರಗೆ ಬರುವುದೂ ಉಂಟು. ಸ್ಟಡ್ ಆದರೆ ಒಮ್ಮೆ ಕೂತರೆ ಕೂತ ಹಾಗೇ ಇರುತ್ತದೆ, ಸವೆಯುವುದು ನಟ್ಟು ಮಾತ್ರ. ಇನ್ನೊಂದು ಅನುಕೂಲವೂ ಇದೆ. ಭಾರದ ಮ್ಯಾನಿಫೋಲ್ಡನ್ನು ಸ್ಟಡ್ ಮೇಲೆ ತೂಗುಹಾಕಿ, ಪ್ಯಾಕಿಂಗ್ ಜರುಗದ ಹಾಗೆ ಒಬ್ಬರೇ ಕೂರಿಸಬಹುದು.

ಬೋಲ್ಟಿಗೇ ಅಂಟಿಕೊಳ್ಳಬೇಕಾದ ಜಾಗವೂ ಇದೆ. ಪಕ್ಕದಲ್ಲಿ ಚಾಸಿ ಅಥವಾ ಸ್ಟೀರಿಂಗ್ ಬಾಕ್ಸ್ ಅಡ್ಡ ಬಂದು, ಸ್ಟಡ್ ಮೇಲಿಂದ ಮ್ಯಾನಿಫೋಲ್ಡನ್ನು ಹೊರಗೆ ಎಳೆಯಲು ಜಾಗ ಇಲ್ಲದಿದ್ದರೆ ಬೋಲ್ಟೇ ಸರಿ.

ಯಾವ ಲೋಹ?

ಅಂಗಡಿಯಲ್ಲಿ "ಗಟ್ಟಿ ಬೋಲ್ಟು ಕೊಡಿ" ಅಂದರೆ 12.9 ಅಂತ ಬರೆದಿರುವ ಕಪ್ಪು ಅಲೆನ್ ಬೋಲ್ಟು ಕೈಗೆ ಬರುತ್ತದೆ. ಬೇಡ. ತಲೆಯ ಮೇಲಿನ ಆ ನಂಬರ್ ಏನು ಅಂತ ತಿಳಿದರೆ ಯಾಕೆ ಬೇಡ ಅನ್ನುವುದೂ ಗೊತ್ತಾಗುತ್ತದೆ. 8.8 ಅಂದರೆ ಸುಮಾರು 800 ಮೆಗಾಪ್ಯಾಸ್ಕಲ್ ಎಳೆತಕ್ಕೆ ತುಂಡಾಗುತ್ತದೆ, ಅದರ ಹತ್ತರಲ್ಲಿ ಎಂಟು ಭಾಗಕ್ಕೆ, ಅಂದರೆ 640ಕ್ಕೆ, ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ಈ ಲೆಕ್ಕ ಮಾಮೂಲಿ ಉಷ್ಣಾಂಶದಲ್ಲಿ ಪರೀಕ್ಷೆ ಮಾಡಿದ್ದು. ಈ ಬೋಲ್ಟುಗಳಿಗೆ ಬಲ ಬರುವುದೇ ಕಾಯಿಸಿ ತಣಿಸಿ ಹದ ಕೊಟ್ಟಿದ್ದರಿಂದ. ಮ್ಯಾನಿಫೋಲ್ಡ್ ದಿನಾ ಕಾಯಿಸುತ್ತಾ ಹೋದರೆ ಕೊಟ್ಟ ಹದ ಇಳಿಯುತ್ತದೆ. ಅಂದರೆ ದುಡ್ಡು ಕೊಟ್ಟು ತಂದ ಬಲ ಅಲ್ಲಿ ಉಳಿಯುವುದಿಲ್ಲ. ಜೊತೆಗೆ 12.9ರಷ್ಟು ಗಡುಸಾದ ಉಕ್ಕಿಗೆ ಸತು ಲೇಪ ಕೊಟ್ಟಿದ್ದರೆ ಅದು ಯಾವ ಮುನ್ಸೂಚನೆಯೂ ಇಲ್ಲದೆ ಪಟ್ ಅಂತ ಮುರಿಯುವ ಅಪಾಯ ಇರುತ್ತದೆ. ಒಳಗೇ ಮುರಿದು ಉಳಿದರೆ ಡ್ರಿಲ್ ಬಿಟ್ ಹತ್ತುವುದೇ ಕಷ್ಟ.

ಮಿರಮಿರ ಮಿಂಚುವ ಸ್ಟೇನ್‌ಲೆಸ್ ಸ್ಟೀಲ್ ಇದಕ್ಕಿಂತ ಜಾಸ್ತಿ ಆಸೆ ಹುಟ್ಟಿಸುತ್ತದೆ. ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜ. ಮಂಗಳೂರು, ಉಡುಪಿ ಕಡೆ ಇರುವವರಿಗೆ ಆ ಆಸೆ ಸಹಜ ಕೂಡ. ಆದರೆ ಎರಡು ತೊಂದರೆ ಇವೆ. ಮೊದಲನೆಯದು, ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಸ್ಟಡ್ ಮೇಲೆ ಉಜ್ಜಿದಾಗ ಒಂದಕ್ಕೊಂದು ಬೆಸುಗೆ ಹಾಕಿದಂತೆ ಹಿಡಿದುಕೊಳ್ಳುತ್ತವೆ. ತುಕ್ಕಿಲ್ಲದೆಯೇ ಜಾಮ್. ಅದಕ್ಕೆ ಎಣ್ಣೆ ಬಿಟ್ಟರೂ ಪ್ರಯೋಜನ ಇಲ್ಲ. ಎರಡನೆಯದು, ಹಿಗ್ಗುವ ಲೆಕ್ಕ. ಒಂದು ಡಿಗ್ರಿ ಬಿಸಿಗೆ ಒಂದು ಮೀಟರ್ ಬೀಡು ಕಬ್ಬಿಣ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ, ಸಾದಾ ಉಕ್ಕು 12, ಅಂಗಡಿಯಲ್ಲಿ ಸಿಗುವ ಎ2, ಎ4 ಸ್ಟೇನ್‌ಲೆಸ್ 16-17. ಮ್ಯಾನಿಫೋಲ್ಡಿನ ಕಬ್ಬಿಣಕ್ಕಿಂತ ಸ್ಟಡ್ ಜಾಸ್ತಿ ಉದ್ದವಾದರೆ ಹಿಡಿತ ಸಡಿಲವಾಗುತ್ತದೆ. ಸಾದಾ ಉಕ್ಕು ಮತ್ತು ಬೀಡು ಕಬ್ಬಿಣ ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗಿ ಒಟ್ಟಿಗೇ ಕುಗ್ಗುತ್ತವೆ. ಸ್ಟೇನ್‌ಲೆಸ್ ಬಳಸಲೇಬೇಕು ಅಂದರೆ ಕೆಳಗೆ, ಸೈಲೆನ್ಸರ್ ಪೈಪಿನ ಫ್ಲ್ಯಾಂಜ್‌ನಲ್ಲಿ ಬಳಸಿ. ಅಲ್ಲಿ ಮುರಿದರೂ ಕತ್ತರಿಸಿ ಬಿಸಾಕಬಹುದು. ಹೆಡ್ಡಿಗೆ ಮಾತ್ರ ಬೇಡ.

ಬೆಳ್ಳಗೆ ಹೊಳೆಯುವ ಸತು ಲೇಪದ ಸಾದಾ ಬೋಲ್ಟಿನ ಬಗ್ಗೆ ಒಂದೇ ಮಾತು. ಸತು ಕರಗುವುದು 419 ಡಿಗ್ರಿಗೆ. ಮ್ಯಾನಿಫೋಲ್ಡಿನ ಬಿಸಿಗೆ ಆ ಲೇಪ ಸ್ವಲ್ಪ ದಿನದಲ್ಲೇ ಹಾಳಾಗುತ್ತದೆ. ಆಮೇಲೆ ಉಳಿಯುವುದು ಬರೀ ಕಬ್ಬಿಣ.

ಹಾಗಾದರೆ ಏನು ಹಾಕೋದು? ನಿಮ್ಮ ಎಂಜಿನ್‌ಗೆ ಅಂತಲೇ ಬರುವ ಸ್ಟಡ್ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ 8.8 ದರ್ಜೆಯ ಲೇಪವಿಲ್ಲದ ಉಕ್ಕಿನ ಸ್ಟಡ್. ಬೆಂಗಳೂರಿನಲ್ಲಿ ಜೆ.ಸಿ. ರೋಡ್‌ನ ಸ್ಪೇರ್ಸ್ ಅಂಗಡಿಗಳಿಗೆ ಹೋಗುವಾಗ ಹಳೆ ಸ್ಟಡ್ಡನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ. ಬರೀ ಬಾಯಲ್ಲಿ ಅಳತೆ ಹೇಳಬೇಡಿ. ಥ್ರೆಡ್ ಗೇಜ್ ಇಟ್ಟು ಎರಡೂ ತುದಿ ನೋಡಿಸಿ, ಯಾಕೆಂದರೆ ಎಷ್ಟೋ ಸ್ಟಡ್‌ಗಳಲ್ಲಿ ಹೆಡ್ಡಿನ ಒಳಗೆ ಹೋಗುವ ತುದಿಗೆ ದಪ್ಪ ಥ್ರೆಡ್, ನಟ್ಟಿನ ಕಡೆಗೆ ಸಣ್ಣ ಥ್ರೆಡ್ ಇರುತ್ತದೆ. ಮಾರುತಿ ತರಹದ ಜಪಾನ್ ಮೂಲದ ಎಂಜಿನ್ ಆದರೆ ಇನ್ನೊಂದು ಗುರುತು ಇದೆ. ಕಂಪನಿಯ ಎಂ8 ನಟ್ಟಿಗೆ ಸಾಮಾನ್ಯವಾಗಿ 12 ನಂಬರ್ ಸ್ಪ್ಯಾನರ್, ಹಾರ್ಡ್‌ವೇರ್ ಅಂಗಡಿಯ ಎಂ8 ನಟ್ಟಿಗೆ 13. ನಿಮ್ಮ ಮ್ಯಾನಿಫೋಲ್ಡಿನಲ್ಲಿ ಒಂದಕ್ಕೆ 12, ಪಕ್ಕದ್ದಕ್ಕೆ 13 ಹಿಡಿಯುತ್ತಿದ್ದರೆ ಹಿಂದೆ ಯಾರೋ ಕೈ ಹಾಕಿದ್ದಾರೆ ಅಂತ ತಿಳಿಯಿರಿ.

ನಟ್ಟಿನ ಆಯ್ಕೆಯೇ ಮುಖ್ಯ

ಹಳೆ ಪೆಟ್ರೋಲ್ ಎಂಜಿನ್‌ಗೆ ನನ್ನ ಮತ ಉದ್ದನೆಯ ಹಿತ್ತಾಳೆ ನಟ್ಟಿಗೆ. ಹಿತ್ತಾಳೆ ಉಕ್ಕಿನ ಜೊತೆ ತುಕ್ಕು ಹಿಡಿದು ಒಂದಾಗುವುದಿಲ್ಲ. ಹತ್ತು ವರ್ಷದ ಮೇಲೂ ಸ್ಪ್ಯಾನರ್ ಹಾಕಿದರೆ ಕಿರ್ ಅಂದು ತಿರುಗುತ್ತದೆ. ತಿರುಗದಿದ್ದರೂ ಚಿಂತೆ ಇಲ್ಲ, ಉಳಿ ಇಟ್ಟು ಸೀಳಿದರೆ ಸ್ಟಡ್‌ಗೆ ಪೆಟ್ಟಾಗದೆ ಬಿಟ್ಟುಕೊಡುತ್ತದೆ. ನಾನು ಮೊದಲೇ ಹೇಳಿದ ಮಾತು ಇದೇ: ಹಾಳಾಗಬೇಕಾದ್ದೇ ಹಾಳಾಗುತ್ತದೆ. ಹಿತ್ತಾಳೆ ಮೆದು, ಅದಕ್ಕೇ ನಟ್ಟನ್ನು ಉದ್ದ ಮಾಡಿರುತ್ತಾರೆ, ಜಾಸ್ತಿ ಥ್ರೆಡ್ ಹಿಡಿಯಲಿ ಅಂತ. ಗಿಡ್ಡ ಹಿತ್ತಾಳೆ ನಟ್ಟು ತಂದು ಅದೇ ಬಿಗಿ ಕೊಟ್ಟರೆ ಥ್ರೆಡ್ ಕಿತ್ತುಬರುತ್ತದೆ.

ಟರ್ಬೊ ಇರುವ ಎಂಜಿನ್, ಘಾಟಿಯಲ್ಲಿ ಭಾರ ಹೊರುವ ಗಾಡಿ, ಇಲ್ಲೆಲ್ಲಾ ಹಿತ್ತಾಳೆ ಸಾಲದು. ಆ ಬಿಸಿಗೆ ಅದು ಇನ್ನೂ ಮೆತ್ತಗಾಗುತ್ತದೆ. ಅಲ್ಲಿ ತಾಮ್ರದ ಲೇಪ ಕೊಟ್ಟ ಉಕ್ಕಿನ ನಟ್ಟು ಒಳ್ಳೆಯದು. ತಾಮ್ರ ಥ್ರೆಡ್‌ಗಳ ನಡುವೆ ಪರದೆಯಂತೆ ನಿಂತು ಕಚ್ಚಿಕೊಳ್ಳದಂತೆ ತಡೆಯುತ್ತದೆ, ಬಲ ಉಕ್ಕಿನದೇ ಇರುತ್ತದೆ. ಒಳಗೆ ನೈಲಾನ್ ರಿಂಗ್ ಇರುವ ಲಾಕ್ ನಟ್ಟನ್ನು ಮಾತ್ರ ಇಲ್ಲಿ ಹಾಕಲೇಬೇಡಿ, ಒಂದೇ ಓಟಕ್ಕೆ ನೈಲಾನ್ ಕರಗಿಹೋಗುತ್ತದೆ. ಸ್ಪ್ರಿಂಗ್ ವಾಷರ್ ಕೂಡ ಬಿಸಿಗೆ ತನ್ನ ಸ್ಪ್ರಿಂಗ್ ಗುಣ ಕಳೆದುಕೊಂಡು ಚಪ್ಪಟೆ ಬಿಲ್ಲೆಯಾಗುತ್ತದೆ. ದಪ್ಪನೆಯ ಸಾದಾ ವಾಷರ್ ಸಾಕು.

ವಾಷರ್ ಬಗ್ಗೆ ಅಂಬಾಸಿಡರ್‌ನವರಿಗೆ ಒಂದು ವಿಶೇಷ ಮಾತು. ಈ ಎಂಜಿನ್‌ನಲ್ಲಿ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡು, ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡು ಎರಡೂ ಹೆಡ್ಡಿನ ಒಂದೇ ಬದಿಗಿವೆ. ನಡುವಿನ ಸ್ಟಡ್‌ಗಳ ಮೇಲೆ ಕೂರುವ ದೊಡ್ಡ ದಪ್ಪ ವಾಷರ್ ಅರ್ಧ ಇದರ ಕಿವಿ (ಹೊರಗೆ ಚಾಚಿದ ಅಂಚು) ಮೇಲೆ, ಅರ್ಧ ಅದರ ಕಿವಿ ಮೇಲೆ ನಿಂತು ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಎರಡೂ ಕಿವಿಗಳ ದಪ್ಪ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ. ಹಿಂದೆ ಯಾರಾದರೂ ಒಂದೇ ಮ್ಯಾನಿಫೋಲ್ಡನ್ನು ಮಟ್ಟ ಮಾಡಿಸಿದ್ದರೆ ವಾಷರ್ ಓರೆಯಾಗಿ ಕೂತು ಸ್ಟಡ್ಡನ್ನು ಬಗ್ಗಿಸುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೂ ತಿಂಗಳಲ್ಲೇ ಮತ್ತೆ ಟಿಕ್ ಟಿಕ್. ಈ ವಾಷರ್ ಬದಲು ಮಾಮೂಲಿ ಸಣ್ಣ ವಾಷರ್ ಹಾಕಿರುವ ಗಾಡಿಗಳನ್ನೂ ನೋಡಿದ್ದೇನೆ. ಆಗ ಒಂದು ಮ್ಯಾನಿಫೋಲ್ಡು ಹಿಡಿತವೇ ಇಲ್ಲದೆ ನೇತಾಡುತ್ತಿರುತ್ತದೆ.

ಬಿಚ್ಚುವ ದಾರಿಗಳು

ಇಲ್ಲಿ ನಿಧಾನವೇ ಉಪಕರಣ. ಶನಿವಾರ ಬಿಚ್ಚಬೇಕು ಅಂದರೆ ಬುಧವಾರವೇ ಶುರುಮಾಡಿ. ತಂತಿ ಬ್ರಶ್‌ನಿಂದ ಸ್ಟಡ್‌ನ ಹೊರಗೆ ಕಾಣುವ ಥ್ರೆಡ್ ಉಜ್ಜಿ ಹಸನು ಮಾಡಿ. ನಟ್ಟು ಹೊರಬರುವ ದಾರಿಯಲ್ಲಿ ತುಕ್ಕಿನ ಗಂಟುಗಳಿದ್ದರೆ ಅಲ್ಲೇ ಮತ್ತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ, ದಿನಕ್ಕೆ ಎರಡು ಸಲ, ಎಂಜಿನ್ ತಣ್ಣಗಿರುವಾಗ. ಡಬ್ಲ್ಯುಡಿ-40 ಎಲ್ಲಾ ಕಡೆ ಸಿಗುತ್ತದೆ. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಟಿಎಫ್ ಎಣ್ಣೆಗೆ ಸಮಪಾಲು ಅಸಿಟೋನ್ ಬೆರೆಸಿ ಬಿಡುವವರೂ ಇದ್ದಾರೆ. ಚೆನ್ನಾಗಿ ಇಳಿಯುತ್ತದೆ, ಆದರೆ ಬೇಗ ಬೆಂಕಿ ಹತ್ತುವ ವಸ್ತು. ಇದನ್ನು ಬಿಟ್ಟ ದಿನ ಕಾಯಿಸುವ ಗ್ಯಾಸ್ ಟಾರ್ಚ್ ಹಚ್ಚಬೇಡಿ, ಬಿಸಿ ಎಂಜಿನ್ ಮೇಲೂ ಬೇಡ.

ಸಾಕೆಟ್ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಸವರಿ ಗುಂಡಗೆ ಮಾಡಿಬಿಡುತ್ತದೆ. ಮೊದಲು ಸುತ್ತಿಗೆಯಿಂದ ನಟ್ಟಿನ ತಲೆಗೆ ನೇರ ಎರಡು ಪೆಟ್ಟು ಕೊಡಿ. ಆಮೇಲೆ ಬಿಚ್ಚುವ ಬದಲು ಕೂದಲೆಳೆಯಷ್ಟು ಬಿಗಿ ಮಾಡಿ. ತುಕ್ಕಿನ ಹಿಡಿತ ಮುರಿಯುವುದು ಅಲ್ಲೇ. ನಂತರ ಹಿಂದೆ ಕಾಲು ಸುತ್ತು, ಮುಂದೆ ಅರೆಕಾಲು ಸುತ್ತು, ಮತ್ತೆ ಎಣ್ಣೆ. ಬಿಚ್ಚುವುದು ಎರಡು ತುದಿಗಳಿಂದ ನಡುವಿನ ಕಡೆಗೆ. ಅಂದಹಾಗೆ, ಮೊದಲು ಮುರಿಯುವುದೂ ತುದಿಯ ಸ್ಟಡ್‌ಗಳೇ. ಮ್ಯಾನಿಫೋಲ್ಡು ಹೆಡ್ಡಿಗಿಂತ ಜಾಸ್ತಿ ಕಾಯುತ್ತದೆ, ಜಾಸ್ತಿ ಉದ್ದವಾಗುತ್ತದೆ, ಆ ಎಳೆದಾಟ ತುದಿಯಲ್ಲೇ ಹೆಚ್ಚು.

ಈಗ ಕೈಯ ಮಾತು ಕೇಳಬೇಕು. ನಟ್ಟು ಬಿಡುವಾಗ "ಕಟ್" ಅಂತ ಒಂದು ಒಣ ಸದ್ದು ಬಂದು, ಸ್ಪ್ಯಾನರ್ ತಟ್ಟನೆ ಜರುಗುತ್ತದೆ. ಅದು ಒಳ್ಳೆಯ ಸದ್ದು. ಸ್ಪ್ಯಾನರ್ ಮೆತ್ತಗೆ, ರಬ್ಬರ್ ತಿರುಚಿದ ಹಾಗೆ ಬರುತ್ತಿದ್ದು, ಕೈ ಬಿಟ್ಟರೆ ಹಿಂದಕ್ಕೆ ಹೋಗುತ್ತಿದ್ದರೆ ನಟ್ಟು ತಿರುಗುತ್ತಿಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ. ಇನ್ನು ಒಂದೇ ಎಳೆತಕ್ಕೆ ಅದು ಮುರಿಯುತ್ತದೆ.

ನಿಲ್ಲಿಸಿದ ಮೇಲಿನ ದಾರಿ ಬೆಂಕಿ. ಎಣ್ಣೆಗಿಂತ ಬೆಂಕಿ ಎಷ್ಟೋ ಮೇಲು. ಪೆಟ್ರೋಲ್ ಪೈಪ್, ಕಾರ್ಬೊರೇಟರ್ ತೆಗೆದು ದೂರ ಇಡಿ, ಬ್ಯಾಟರಿ ಬಿಚ್ಚಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಕಬ್ಬಿಣದ ನಟ್ಟನ್ನು ಮಂಕಾಗಿ ಕೆಂಪಾಗುವವರೆಗೆ ಕಾಯಿಸಿ. ಸ್ವಲ್ಪ ಆರಿದಾಗ ಮೇಣದ ಬತ್ತಿಯ ತುದಿಯನ್ನು ಥ್ರೆಡ್‌ಗೆ ತಾಗಿಸಿ. ಮೇಣ ಕರಗಿ, ಬತ್ತಿಗೆ ಎಣ್ಣೆ ಏರಿದ ಹಾಗೆ ಸಂದಿಯೊಳಗೆ ಸರಸರ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಆಗ ತಿರುಗಿಸಿ. ಹೆಡ್ಡು ಬೀಡು ಕಬ್ಬಿಣದ್ದಾದರೆ ಇದೆಲ್ಲ ಧೈರ್ಯವಾಗಿ ಮಾಡಬಹುದು. ಅಲ್ಯೂಮಿನಿಯಂ ಹೆಡ್ಡಾದರೆ ಜೋಪಾನ. ಅದು ಕೆಂಪಾಗಿ ಎಚ್ಚರಿಕೆ ಕೊಡದೆಯೇ ಕುಸಿಯುತ್ತದೆ. ಉರಿಯನ್ನು ನಟ್ಟಿನ ಮೇಲೆ ಮಾತ್ರ, ಅದೂ ಸ್ವಲ್ಪ ಹೊತ್ತು ಹಿಡಿಯಿರಿ. ಸತು ಲೇಪದ ನಟ್ಟು ಕಾಯಿಸುವಾಗ ಬರುವ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ, ಗಾಳಿ ಆಡುವ ಕಡೆ ಮಾಡಿ. ಹಳೆ ಪ್ಯಾಕಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದನ್ನು ಒಣಗಿದ ಹಾಗೇ ಕೆರೆಯುವುದು, ಗಾಳಿ ಹೊಡೆಯುವುದು ಬೇಡ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಎಬ್ಬಿಸಿ.

ಮುರಿದೇ ಹೋದರೆ

ತುಂಡು ಸ್ವಲ್ಪ ಹೊರಗೆ ಉಳಿದಿದ್ದರೆ ಅದೃಷ್ಟ. ಥ್ರೆಡ್ ಚೆನ್ನಾಗಿದ್ದರೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಒತ್ತಿ ಬಿಗಿದು, ಒಳಗಿನ ನಟ್ಟಿನಿಂದ ತಿರುಗಿಸಿ. ಇಲ್ಲದಿದ್ದರೆ ಅದರ ಮೇಲೆ ನಟ್ಟು ಇಟ್ಟು ಒಳಗೆ ವೆಲ್ಡಿಂಗ್ ತುಂಬಿಸಿ. ಹೆಡ್ಡಿನ ಮಟ್ಟಕ್ಕೇ ಮುರಿದದ್ದಕ್ಕೂ ನಾನು ಮೊದಲು ಆರಿಸುವುದು ಇದನ್ನೇ. ವೆಲ್ಡಿಂಗ್ ಬಿಸಿಗೆ ತುಂಡು ಹಿಗ್ಗಲು ಹೋಗಿ, ಆರುವಾಗ ಕುಗ್ಗಿ, ಸುತ್ತಲಿನ ತುಕ್ಕಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಮೊದಲ ಸಲ ನಟ್ಟು ಕಿತ್ತು ಬಂದರೆ ಬೇಸರ ಬೇಡ, ಮತ್ತೆ ಹಾಕಿ. ನನ್ನದು ನಾಲ್ಕನೇ ಸಲಕ್ಕೆ ಬಂತು. ಅಲ್ಯೂಮಿನಿಯಂ ಹೆಡ್ಡಿನಲ್ಲೂ ಇದು ನಡೆಯುತ್ತದೆ, ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಹತ್ತುವುದಿಲ್ಲ. ಆದರೆ ಕೈ ಪಳಗಿದ ವೆಲ್ಡರ್ ಇರಬೇಕು.

ಡ್ರಿಲ್ ಮಾಡುವುದು ಎರಡನೇ ಆಯ್ಕೆ. ಸೆಂಟರ್ ಪಂಚ್ ಸರಿಯಾಗಿ ನಡುವಿಗೆ ಬೀಳದಿದ್ದರೆ ಡ್ರಿಲ್ ಮೆತ್ತಗಿರುವ ಹೆಡ್ಡಿನ ಕಡೆಗೆ ಜಾರುತ್ತದೆ. 3 ಮಿ.ಮೀ. ಬಿಟ್‌ನಿಂದ ಶುರು ಮಾಡಿ ನಿಧಾನಕ್ಕೆ ದೊಡ್ಡದು ಮಾಡಿ. ಎಂ8ಗೆ 6.8 ದಾಟಬೇಡಿ, 5/16 ದಪ್ಪ ಥ್ರೆಡ್‌ಗೆ 6.5 ಸಾಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಎಷ್ಟೋ ಸಲ ಕೊರೆಯುವಾಗಲೇ ತುಂಡು ಹೊರಗೆ ಬಂದುಬಿಡುತ್ತದೆ. ಇನ್ನು ಈಸಿ ಔಟ್, ಅಂದರೆ ಕೊರೆದ ತೂತಿಗೆ ತೂರಿಸಿ ಮುರಿದ ತುಂಡನ್ನು ತಿರುಗಿಸಿ ತೆಗೆಯುವ ಉಪಕರಣ. ಗಟ್ಟಿ ಹಿಡಿದ ಸ್ಟಡ್‌ಗೆ ಸಣ್ಣ ಈಸಿ ಔಟ್ ಹಾಕಿ ಬಲವಾಗಿ ತಿರುಗಿಸಬೇಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಅದು ಒಳಗೇ ಮುರಿದರೆ, ಆ ಗಡಸು ಉಕ್ಕನ್ನು ಯಾವ ಮಾಮೂಲಿ ಡ್ರಿಲ್ಲೂ ಕೊರೆಯುವುದಿಲ್ಲ.

ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸಿ. ದೊಡ್ಡ ತೂತು ಮಾಡಿ ದಪ್ಪ ಸ್ಟಡ್ ಹಾಕುವುದಕ್ಕಿಂತ ಇದು ಮೇಲು, ಮ್ಯಾನಿಫೋಲ್ಡಿನ ತೂತಿಗೆ ಕೈ ಹಾಕಬೇಕಿಲ್ಲ. ಹೆಡ್ಡು ಎಂಜಿನ್ ಮೇಲೇ ಇರುವಾಗ ಡ್ರಿಲ್ ನೇರ ಹಿಡಿಯಲು ಜಾಗ ಇಲ್ಲದಿದ್ದರೆ ಹಟ ಬೇಡ, ಹೆಡ್ಡು ಇಳಿಸಿ ಲೇತ್ ಕೆಲಸದವರ ಹತ್ತಿರ ಒಯ್ಯಿರಿ.

ಮತ್ತೆ ಹಾಕುವಾಗ

ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಸ್ಕೇಲ್ ನೇರ ಹಿಡಿದು ಬೆಳಕು ತೂರುತ್ತದಾ ನೋಡಿ. ಸೊಟ್ಟಗಿದ್ದರೆ ಮಟ್ಟ ಮಾಡಿಸದೆ ಎಷ್ಟು ಒಳ್ಳೆಯ ಸ್ಟಡ್ ಹಾಕಿದರೂ ವ್ಯರ್ಥ. ಅಂಬಾಸಿಡರ್ ಆದರೆ ಎರಡೂ ಮ್ಯಾನಿಫೋಲ್ಡುಗಳನ್ನು ಜೊತೆಗೇ ಮಟ್ಟ ಮಾಡಿಸಿ, ಕಿವಿಗಳ ದಪ್ಪವನ್ನೂ ಅಳೆಯಿಸಿ. ಸ್ಟಡ್ ತೆಗೆದ ತೂತಿನಿಂದ ನೀರು ಜಿನುಗಿದರೆ ಅದು ನೀರಿನ ಜಾಕೆಟ್‌ಗೆ ತೆರೆದಿದೆ, ಅಲ್ಲಿ ಸೀಲಂಟ್ ಹಚ್ಚಬೇಕು. ಉಳಿದ ಕಡೆ ಬಿಸಿ ತಡೆಯುವ, ಥ್ರೆಡ್ ಕಚ್ಚಿಕೊಳ್ಳದಂತೆ ಕಾಯುವ ಆಂಟಿ-ಸೀಜ್ ಪೇಸ್ಟ್. ತಾಮ್ರದ ಪೇಸ್ಟ್ ಸುಮಾರು 980 ಡಿಗ್ರಿವರೆಗೆ ತಡೆಯುತ್ತದೆ, ನಿಕಲ್‌ದು ಇನ್ನೂ ಜಾಸ್ತಿ. ಅಲ್ಯೂಮಿನಿಯಂ ಹೆಡ್ಡಿಗೆ ನಾನು ನಿಕಲ್ ಪೇಸ್ಟೇ ಬಳಸುವುದು. ಮಾಮೂಲಿ ಗ್ರೀಸ್ ಹಚ್ಚಬೇಡಿ, ಸುಟ್ಟು ಕರಿಯಾಗಿ ಅದೇ ಅಂಟಾಗುತ್ತದೆ.

ಬಿಗಿ ಎಷ್ಟು? ಇದೇ ಬಿ-ಸಿರೀಸ್ ಕುಟುಂಬದ ಎಂಜಿಬಿ ಕಾರಿಗೆ ಮ್ಯಾನಿಫೋಲ್ಡ್ ನಟ್ಟಿನ ಅಳತೆ 15 ಪೌಂಡ್-ಅಡಿ, ಅಂದರೆ ಸುಮಾರು 20 ನ್ಯೂಟನ್ ಮೀಟರ್. ಇಪ್ಪತ್ತು ಸೆಂಟಿಮೀಟರ್ ಸ್ಪ್ಯಾನರ್‌ನ ತುದಿಯಲ್ಲಿ ಹತ್ತು ಕೇಜಿ ಎಳೆದಷ್ಟು. ಬಹಳ ಕಡಿಮೆ ಅನಿಸುತ್ತದೆ ಅಲ್ವಾ? ಅಷ್ಟೇ ಸಾಕು. ಪೇಸ್ಟ್ ಹಚ್ಚಿದ ಥ್ರೆಡ್‌ಗೆ ಅದರಲ್ಲೂ ಐದನೇ ಒಂದು ಭಾಗ ಕಡಿಮೆ ಕೊಡಿ, ಜಾರುವ ಥ್ರೆಡ್ ಅದೇ ಟಾರ್ಕ್‌ಗೆ ಜಾಸ್ತಿ ಎಳೆಯುತ್ತದೆ. ನಿಮ್ಮ ಎಂಜಿನ್‌ನ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ನಡುವಿನಿಂದ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಏರ್ ಗನ್ ಮಾತ್ರ ಹತ್ತಿರಕ್ಕೂ ಬೇಡ.

ಮೊದಲ ಸಲ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ರಾತ್ರಿಯೆಲ್ಲಾ ಆರಲು ಬಿಡಿ. ಬೆಳಿಗ್ಗೆ ಪ್ರತಿ ನಟ್ಟಿಗೂ ಅದೇ ಟಾರ್ಕ್ ಇಟ್ಟು ಇನ್ನೊಮ್ಮೆ ನೋಡಿ. ಹೊಸ ಪ್ಯಾಕಿಂಗ್ ಕೂತಿರುತ್ತದೆ, ತುದಿಯ ನಟ್ಟುಗಳು ಬಹುತೇಕ ಇನ್ನೂ ಸ್ವಲ್ಪ ತಿರುಗುತ್ತವೆ. ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಹೀಗೇ ನೋಡಿ. ಆಗ ಯಾವುದೂ ಜರುಗದಿದ್ದರೆ ಮುಂದಿನ ಸರ್ವಿಸ್‌ವರೆಗೆ ಅತ್ತ ಕೈ ಹಾಕಬೇಕಿಲ್ಲ.